ಸೀರಮ್ ಬಾಟಲಿಗೆ ನಾನು ತುಂಬಿದ ಎಣ್ಣೆ

ಸುಧಾ, ನಿನ್ನ ಕೆನ್ನೆ ಸುಟ್ಟದ್ದು ಆ ಸೀರಮ್‌ನಿಂದಲ್ಲ. ನನ್ನಿಂದ. ಆ ಬಾಟಲಿಗೆ ಬೇರೆ ಎಣ್ಣೆ ತುಂಬಿದವಳು ನಾನು, ನಿನ್ನ ಅಕ್ಕ.

ಇಷ್ಟು ಬರೆಯಲು ಎರಡು ವರ್ಷ ಬೇಕಾಯಿತು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಇಂಥದ್ದನ್ನೆಲ್ಲ ಬರೆಯಲು ನನಗೆಲ್ಲಿ ಬರುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ಅದೂ ಸುಳ್ಳು. ಊರಿನವರಿಗೆ ವಾಟ್ಸಾಪಿನಲ್ಲಿ ಉದ್ದುದ್ದ ಬರೆಯುತ್ತೇನಲ್ಲ.

ಮಂಜಲ್‌ಪುರದ ಈ ಬಾಡಿಗೆ ಮನೆಯಲ್ಲಿ ಆಗ ಇಬ್ಬರೂ ಇದ್ದೆವು. ನೀನು ಕಂಪನಿಗೆ ಹೋಗುವವಳು, ನಾನು ನಿನಗೆ ರೊಟ್ಟಿ ಬಡಿದು ಹಾಕಲು ಊರಿಂದ ಬಂದವಳು. ಮೊಡವೆ ಕಲೆಗೆಂದು ಮೊದಲು ಹಚ್ಚುತ್ತಿದ್ದ ರೆಟಿನಾಲ್ ಕ್ರೀಮಿಗೆ ನಿನ್ನ ಮುಖದ ಸಿಪ್ಪೆ ಏಳುತ್ತಿತ್ತು. ಅದರ ಬದಲಿಗೆ ಗಿಡದಿಂದ ತೆಗೆದ ಸೀರಮ್ ಒಂದು ಬಂದಿದೆ, ಉರಿಯುವುದಿಲ್ಲ ಎಂದು ನೀನು ತರಿಸಿದೆ. ಹೆಬ್ಬೆರಳಿನಷ್ಟು ಬಾಟಲಿ. ಬೆಲೆ ಕೇಳಿ ನನಗೆ ಮೈಯೆಲ್ಲ ಉರಿಯಿತು. ಡಬ್ಬದ ಮೇಲೆ ಕಪ್ಪು ಬೀಜದ ಚಿತ್ರವಿತ್ತು.

"ಇದು ನಮ್ಮ ಬಾವಂಚಿ. ಗ್ರಂಥಿಗೆ ಅಂಗಡ್ಯಾಗ ಚೀಲಗಟ್ಟಲೆ ಬಿದ್ದಿರತೈತಿ. ಇದಕ್ಕ ಇಷ್ಟು ರೊಕ್ಕ ಸುರದಿಯೇನು?"

"ಅಕ್ಕಾ, ಇದು ನೀ ಕುದಿಸೋ ಕಷಾಯ ಅಲ್ಲ. ಲ್ಯಾಬಿನಾಗ ಶುದ್ಧ ಮಾಡಿರ್ತಾರ. ನಿನಗ ತಿಳಿಯೂದಿಲ್ಲ ಬಿಡು."

ನೀನು ನಗುತ್ತಲೇ ಹೇಳಿದೆ. ನಿನಗದು ನೆನಪೂ ಇರಲಿಕ್ಕಿಲ್ಲ. ಆದರೆ ನಾನು — ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ತರಕಾರಿಯವನ ಗುಜರಾತಿ ಅರ್ಥವಾಗದೆ ಬಾಯಿ ಬಿಟ್ಟು ನಿಂತಾಗ, ಎಲ್ಲರ ಮುಖದಲ್ಲೂ ಅದೇ ಮಾತು ಕಾಣುತ್ತಿದ್ದೆ. ನಿನ್ನ ಬಾಯಿಂದ ಕೇಳುವುದೊಂದು ಬಾಕಿಯಿತ್ತು.

ಬಾಟಲಿ ತಳ ಕಾಣುತ್ತ ಬಂದಾಗ ಕನ್ನಡಿಯ ಮುಂದೆ ನಿಂತು ಕೇಳಿದೆಯಲ್ಲ: "ಖರೇ ಹೇಳಕ್ಕಾ, ಏನರ ಫರಕ್ ಕಾಣತೈತೇನು? ಇನ್ನೊಂದು ತರಸ್ಲೋ ಬ್ಯಾಡೋ?"

"ಏನೂ ಇಲ್ಲ. ರೊಕ್ಕ ನೀರಾಗ ಹಾಕಿದಂಗ ಆತು," ಅಂದೆ. ಆ ಉತ್ತರದ ಮಾತಿಗೆ ಆಮೇಲೆ ಬರುತ್ತೇನೆ.

ಅಷ್ಟಕ್ಕೇ ಬಿಟ್ಟಿದ್ದರೆ — ಬಿಡಲಿಲ್ಲ. ಬಾವಂಚಿ ತಂದು ಕುಟ್ಟಿ, ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಸೋಸಿ, ನೀನು ಕೆಲಸಕ್ಕೆ ಹೋದ ಮೇಲೆ ಬಾಟಲಿಗೆ ಒಂದಿಷ್ಟು ತುಂಬಿದೆ. ಇನ್ನೂ ಇಷ್ಟು ಉಳಿದಿದೆಯಲ್ಲ ಎಂದು ನೀನು ಖುಷಿಪಟ್ಟೆ. ಕೆಲವು ವಾರ ಕಳೆದ ಮೇಲೆ ಗುಟ್ಟು ಹೇಳಿ ನಗಬೇಕು, ಒಮ್ಮೆಯಾದರೂ ನೀನು "ಅಕ್ಕಾ, ನೀ ಹೇಳಿದ್ದು ಖರೆ" ಅನ್ನಬೇಕು — ತಲೆಯಲ್ಲಿ ಇದ್ದದ್ದು ಇಷ್ಟೇ. ಅತ್ತೆಯ ಕಾಲಿನ ಬಿಳಿ ಮಚ್ಚೆಗೆ ಅವ್ವ ಇದೇ ಎಣ್ಣೆ ಹಚ್ಚುತ್ತಿದ್ದಳು. ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡವೆಂದು ಪ್ರತಿ ಸಲವೂ ಹೇಳುತ್ತಿದ್ದಳು. ಅದು ನನಗೆ ಮರೆತಿರಲಿಲ್ಲ, ಸುಧಾ. ರಾತ್ರಿ ಹಚ್ಚುವುದು ತಾನೆ, ಬೆಳಿಗ್ಗೆ ಮುಖ ತೊಳೆಯುತ್ತಾಳೆ ಅಂದುಕೊಂಡೆ.

ಮೇ ತಿಂಗಳ ಬಿಸಿಲು. ಇಲ್ಲಿನ ಹುಡುಗಿಯರೆಲ್ಲ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಸ್ಕೂಟರ್ ಓಡಿಸುತ್ತಾರೆ, ನಿನಗೆ ಮಾತ್ರ ಉಸಿರು ಕಟ್ಟುತ್ತಿತ್ತು. ವಾರದೊಳಗೆ ಎರಡೂ ಕೆನ್ನೆ ಕೆಂಪಾಗಿ ಬೊಬ್ಬೆ ಎದ್ದವು.

ಡಾಕ್ಟರಮ್ಮ ಬೇರೆ ಏನಾದರೂ ಹಚ್ಚಿದ್ದೆಯಾ ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟು ಹಿಂದಿ ನನಗೂ ತಿಳಿಯುತ್ತದೆ. ನೀನು ಇಲ್ಲವೆಂದೆ. ನಾನು ಪಕ್ಕದ ಕುರ್ಚಿಯಲ್ಲಿ ನಿನ್ನ ಬ್ಯಾಗು ಹಿಡಿದುಕೊಂಡು ಕೂತಿದ್ದೆ. ಮನೆಗೆ ಬಂದು, ಆ ಬಾಟಲಿ ಎಲ್ಲಿ, ಸೀರಮ್ ಕಂಪನಿಯವರಿಗೆ ವಾಪಸ್ ಕಳಿಸುತ್ತೇನೆ ಎಂದು ನೀನು ಹುಡುಕಿದಾಗ ನಾನು ಹೇಳಿದೆ: "ಕಸದ ಗಾಡಿಗೆ ಹಾಕಿದ್ನಿ."

ಹಾಕಿರಲಿಲ್ಲ. ಗೋಧಿ ಡಬ್ಬಿಯ ಹಿಂದೆ ಇಟ್ಟಿದ್ದೆ. ಯಾಕೆ ಇಟ್ಟೆನೋ, ಇವತ್ತಿಗೂ ಗೊತ್ತಿಲ್ಲ.

ಈಗ ನೀನು ಸೂರತ್‌ನಲ್ಲಿದ್ದೀ, ನಾನು ಇಲ್ಲೇ ಕೆಲಸಕ್ಕೆ ಹೋಗುವವರಿಗೆ ಊಟದ ಡಬ್ಬಿ ಕಟ್ಟಿ ಮಾರಿಕೊಂಡಿದ್ದೇನೆ. ಎಡಗೆನ್ನೆಯ ಕಲೆ ಇನ್ನೂ ಹೋಗಿಲ್ಲ. ಉಸಿರು ಕಟ್ಟುತ್ತದೆ ಎನ್ನುತ್ತಿದ್ದ ನೀನು ಈಗ ಸಂಜೆಯೂ ದುಪಟ್ಟಾ ಬಿಚ್ಚುವುದಿಲ್ಲ. ಮೊನ್ನೆ ಫೋನಿನಲ್ಲಿ ನೀನು ಹೇಳಿದೆ: "ಹೊಸ ಡಾಕ್ಟರು ಕಲೆಗೆ ಅದ ಗಿಡದ ಸೀರಮ್ ಹಚ್ಚು ಅಂತಾರ. ನನಗ ಅದು ಆಗಿಬರೂದಿಲ್ಲ ಅಂತ ಹೇಳಿ ಎದ್ದು ಬಂದ್ನಿ. ನೀನ ನೋಡೀದಿಯಲ್ಲಕ್ಕಾ?"

ನಾನು "ಹೂಂ" ಅಂದೆ. ಮತ್ತೆ. ಫೋನಿಟ್ಟ ಮೇಲೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಭಾನುವಾರ ನೀನು ಬಂದಾಗ ಈ ಕಾಗದ, ಆ ಬಾಟಲಿ ಎರಡನ್ನೂ ನಿನ್ನ ಕೈಗೆ ಕೊಡುತ್ತೇನೆ. ತಳದಲ್ಲಿ ಎಣ್ಣೆ ಇನ್ನೂ ಇದೆ, ಡಾಕ್ಟರಿಗೆ ತೋರಿಸು. ಆಮೇಲೆ ನೀನು ಈ ಮನೆಯ ಮೆಟ್ಟಿಲು ಹತ್ತದಿದ್ದರೂ ನಾನು ಏನೂ ಅನ್ನಲಾರೆ.

ಅವತ್ತು ಕನ್ನಡಿಯ ಮುಂದೆ ನೀನು ಕೇಳಿದ್ದಕ್ಕೆ ಉತ್ತರ ಇದು: ಫರಕ್ ಕಾಣುತ್ತಿತ್ತು. ಮೂಗಿನ ಪಕ್ಕದ ಮೊಡವೆ ಕಲೆಗಳು ತಿಳಿಯಾಗಿದ್ದವು. ನಿನಗಿಂತ ಮೊದಲೇ ನಾನು ನೋಡಿದ್ದೆ.