ತಾರಸಿ ಹತ್ತದ ಬಸವಪ್ರಸಾದ್

ಮಳೆಗಾಲ ಮುಗಿಯುತ್ತಿದ್ದಂತೆ ಪಿರಿಯಾಪಟ್ಟಣದ ಸುತ್ತಲಿನ ಹಳ್ಳಿಯವರು ಬಸವಪ್ರಸಾದರ ಪೇಂಟ್ ಅಂಗಡಿಗೆ ಬರುತ್ತಿದ್ದದ್ದು ಬಣ್ಣ ಕೊಳ್ಳಲು ಮಾತ್ರ ಅಲ್ಲ. ತಾರಸಿ ಸೋರಿದವರು, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಶೀಟು ತೂತಾದವರು, ಸಜ್ಜೆಯ ಮೂಲೆಯಲ್ಲಿ ಪಾಚಿ ಕಟ್ಟಿದವರು, ಎಲ್ಲರೂ ಮೊದಲು ಅವರ ಗಲ್ಲಾದ ಮುಂದೆ ಸ್ಟೂಲು ಎಳೆದುಕೊಂಡು ಕೂತು ಕಷ್ಟ ಹೇಳಿಕೊಳ್ಳುತ್ತಿದ್ದರು. ಬಸವಪ್ರಸಾದ್ ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದರು. ಆಮೇಲೆ ಯಾವ ಬಿರುಕಿಗೆ ಯಾವ ಸೀಲೆಂಟ್ ತುಂಬಬೇಕು, ಅದರ ಮೇಲೆ ಯಾವ ಕೋಟಿಂಗ್ ಹೊಡೆಯಬೇಕು ಎಂದು ಬಿಡಿಸಿ ಹೇಳುತ್ತಿದ್ದರು. ಹುಣಸೂರಿನಿಂದಲೂ ಜನ ಬರುತ್ತಿದ್ದರು. ಅವರ ಮಾತಿಗೆ ಅಷ್ಟು ತೂಕವಿತ್ತು.

ಮನೆ ನೋಡಲು ಕರೆದರೆ ಹೋಗುತ್ತಿದ್ದರು ಕೂಡ. ಅಂಗಳದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಮೇಲೆ ನೋಡುವರು, ಗೋಡೆಗೆ ಅಂಗೈ ಒತ್ತುವರು, ಒಳಗೆ ಹೋಗಿ ಸೂರಿನ ಕಲೆಗಳನ್ನು ದಿಟ್ಟಿಸುವರು. ತಾರಸಿಗೆ ಮಾತ್ರ ಹತ್ತುತ್ತಿರಲಿಲ್ಲ. "ಸೋರೋ ಮನೆ ಜಾತಕ ಒಳಗಡೆನೇ ಐತೆ ಕಣ್ರೀ, ಮೇಲೇನು ನೋಡೋದು?" ಅನ್ನುತ್ತಿದ್ದರು. ಕೇಳಿದವರು ಅದನ್ನು ದೊಡ್ಡ ಅನುಭವದ ಮಾತು ಎಂದುಕೊಂಡು ತಲೆದೂಗುತ್ತಿದ್ದರು.

ಪಿರಿಯಾಪಟ್ಟಣದಲ್ಲಿ ನಿಜ ಗೊತ್ತಿದ್ದದ್ದು ಅವರ ಹೆಂಡತಿ ಉಷಾರಾಣಿ ಒಬ್ಬರಿಗೇ. ಬಸವಪ್ರಸಾದರಿಗೆ ಎತ್ತರವೆಂದರೆ ಭಯ. ಏಣಿಯ ನಾಲ್ಕು ಮೆಟ್ಟಿಲು ಏರಿದರೆ ಮೊಣಕಾಲು ಸಡಿಲವಾಗಿ, ಬಾಯಿ ಒಣಗಿ, ಕೈ ಹಿಡಿದ ಕಡೆಯೇ ಅಂಟಿಕೊಳ್ಳುತ್ತಿತ್ತು. ತಮ್ಮದೇ ಮದುವೆಯ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಲು ಹತ್ತಿ, ಇಳಿಯಲಾರದೆ ನಿಂತವರನ್ನು ಭಾವಮೈದುನರು ಮಗುವನ್ನು ಎತ್ತಿ ಇಳಿಸಿದ ಹಾಗೆ ಇಳಿಸಿದ್ದರು. ಬೀಗರ ಮುಂದೆ ಎದ್ದ ಆ ನಗುವನ್ನು ನಕ್ಕವರೇ ಮರೆತರೂ ಅದು ಅವರ ಕಿವಿಯಿಂದ ಹೋಗಲೇ ಇಲ್ಲ. ಅಂಥವರು ತಾರಸಿಯ ಮಾಲು ಮಾರುವ ವ್ಯಾಪಾರಕ್ಕೆ ಬಿದ್ದದ್ದು ಅಪ್ಪನ ಅಂಗಡಿ ಅದಾಗಿದ್ದರಿಂದ. ಭಯ ಹೇಳಿಕೊಂಡರೆ ಅಂಗಡಿಯ ಮರ್ಯಾದೆ ಹೋದೀತೆಂದು ಅದನ್ನು ಮಾತಿನ ಕೆಳಗೆ ಮುಚ್ಚಿಟ್ಟರು. ವರ್ಷಗಳು ಕಳೆದಂತೆ ಅದು ಮುಚ್ಚಿಟ್ಟ ವಿಷಯ ಅನ್ನುವುದೂ ಅವರಿಗೆ ಮರೆತುಹೋಗಿತ್ತು.

ಆ ಕಾರ್ತೀಕದಲ್ಲಿ ಸುನಂದಮ್ಮ ಬಂದರು. ಪಟ್ಟಣದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಸಂಡಿಗೆ, ಹಪ್ಪಳ ಮಾಡಿ ಮದುವೆ ಮನೆಗಳಿಗೆ ಕೊಡುತ್ತಿದ್ದ ಹೆಂಗಸು. ಅವರ ಅರಳು ಸಂಡಿಗೆ ಇಲ್ಲದೆ ಹುಣಸೂರಿನ ಕಡೆ ದೊಡ್ಡ ಮದುವೆಯ ಎಲೆ ತುಂಬುತ್ತಿರಲಿಲ್ಲ. ಹಿಟ್ಟು, ಬೂದುಗುಂಬಳ ಇಡುವ ಕೋಣೆಯೇ ಸೋರುತ್ತಿದೆ, ಸಂಕ್ರಾಂತಿ ಕಳೆದರೆ ಕೆಲಸ ಶುರು, ಅಷ್ಟರೊಳಗೆ ಸರಿಯಾಗಬೇಕು ಎಂದರು.

ಬಸವಪ್ರಸಾದ್ ಹೋಗಿ ನೋಡಿದರು. ಮನೆಗೆ ಹೊರಗಿನಿಂದ ಮೆಟ್ಟಿಲಿರಲಿಲ್ಲ. ಗೋಡೆಗೆ ಕಬ್ಬಿಣದ ಏಣಿ ಒರಗಿಸಿತ್ತು.

"ಮೇಲಕ್ಕೆ ಬನ್ನಿ ಅಣ್ಣ," ಎಂದು ಸುನಂದಮ್ಮ ಸೆರಗು ಸಿಕ್ಕಿಸಿಕೊಂಡರು. "ಎಲ್ಲೆಲ್ಲಿ ನೀರು ನಿಲ್ತದೆ ತೋರಿಸ್ತೀನಿ. ನಾವು ಮೇಲೆ ಕುಂತು..."

"ಬ್ಯಾಡಿ ಬ್ಯಾಡಿ," ಎಂದು ಬಸವಪ್ರಸಾದ್ ಅವಸರದಲ್ಲಿ ತಡೆದರು. ಏಣಿ ಕಂಡೊಡನೆ ಅವರ ಕಿವಿ ಮುಚ್ಚಿಕೊಂಡಿತ್ತು. "ನಂಗೆ ಕೆಳಗಿಂದ್ಲೇ ಗೊತ್ತಾಯ್ತು. ಬಿಸಿಲು ತಡೆಯೋ ಬಿಳೀ ಕೋಟಿಂಗ್ ಕೊಡ್ತೀನಿ. ಮನೆ ತಂಪಾಗೂ ಇರ್ತದೆ."

ಹೊಡೆದದ್ದು ಅಣ್ಣಯ್ಯ ಎಂಬ ಪೇಂಟರ್. ಹೇಳಿದಂತೆ ಬಿರುಕಿಗೆ ಸೀಲೆಂಟ್ ತುಂಬಿ, ಬಿಳಿಯದನ್ನು ಎರಡು ಸಲ ಬಳಿದು ಹೋದ. ದೂರದಿಂದ ಹಾಲು ಚೆಲ್ಲಿದಂತೆ ಹೊಳೆಯುತ್ತಿತ್ತು.

ಆ ಬಿಳಿಯ ಕೋಟಿಂಗು ಕೆಟ್ಟ ಮಾಲೇನೂ ಅಲ್ಲ. ಯಾರೂ ಓಡಾಡದ, ನೀರು ನಿಲ್ಲದ ತಾರಸಿಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ಸುನಂದಮ್ಮನ ತಾರಸಿ ಅಂಥದ್ದಲ್ಲ. ಅಲ್ಲಿ ದಿನವೂ ಐದಾರು ಹೆಂಗಸರು ಕೂತು, ತಟ್ಟೆ ಎಳೆದು, ಕೊಡಪಾನ ಊರಿ ಸಂಡಿಗೆ ಒಣಹಾಕುತ್ತಿದ್ದರು. ಹಿಂದಿನ ಮೂಲೆಯಲ್ಲಿ ಇಳಿಜಾರಿನ ವಾಟವೇ ಇರಲಿಲ್ಲ. ನೀರು ಹರಿದುಹೋಗಲು ದಾರಿಯಿಲ್ಲದೆ ಮಳೆ ಬಂದಾಗಲೆಲ್ಲ ಮಡು ಕಟ್ಟುತ್ತಿತ್ತು. ಕಾಂಕ್ರೀಟು ಆ ತೇವವನ್ನು ಒಳಗೇ ಹೀರಿಟ್ಟುಕೊಂಡಿತ್ತು. ಅಂಥ ಜಾಗಕ್ಕೆ ಮೊದಲು ಗಾರೆ ಹಾಕಿ ವಾಟ ಕೊಡಬೇಕು, ಸಿಮೆಂಟು ಬೆರೆಸುವ ಗಟ್ಟಿ ಕೋಟಿಂಗ್ ಹೊಡೆಯಬೇಕು, ಅದರ ಮೇಲೆ ಟೈಲು ಕೂರಿಸಬೇಕು. ಬಸವಪ್ರಸಾದರಿಗೆ ಇದು ಗೊತ್ತಿಲ್ಲದ್ದಲ್ಲ. ಹತ್ತಿ ನೋಡಿದ್ದರೆ ಅವರೇ ಹೇಳುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಒಂದು ಮಧ್ಯಾಹ್ನ ಮದುವೆ ಅಡುಗೆಯ ಮುದ್ದಯ್ಯ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಒಳಗೆ ಬಂದ.

"ಸಾವ್ಕಾರ್ರೇ, ಸುನಂದಮ್ಮನ ಸಂಡಿಗೇಲಿ ಪೇಂಟ್ ಸಿಕ್ತಂತೆ ಗೊತ್ತಾ? ಹುಣಸೂರು ಮದ್ವೆ ಮನೇಲಿ ಕರಿಯೋವಾಗ ಬಿಳೀ ಚೂರು ತೇಲ್ತಂತೆ. ಅಷ್ಟನ್ನೂ ವಾಪಸ್ ಕಳ್ಸವ್ರೆ. ಅಲ್ಲಿ ಹೊಡ್ದಿದ್ದು ನಿಮ್ಮ ಮಾಲೇ ಅಲ್ವಾ?"

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಬಸವಪ್ರಸಾದರ ನಾಲಿಗೆ ತಾನಾಗಿಯೇ ಹೊರಳಿತು.

"ಮಾಲಿನ ತಪ್ಪಲ್ಲ ಮುದ್ದಯ್ಯ. ಒಣಗೋಕೆ ಮುಂಚೆನೇ ತುಳಿದವ್ರೆ. ಹೆಂಗಸ್ರಿಗೆ ಹೇಳಿದ್ರೆ ಕೇಳ್ತಾರಾ? ಮೇಲೆ ಹತ್ತಿ ನೋಡಿದ್ರೆ ಹೆಜ್ಜೆ ಗುರುತು ಎದ್ದು ಕಾಣ್ತದೆ."

ಹೇಳಿ ಮುಗಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಸುನಂದಮ್ಮ ನಿಂತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರ ತುಂಬ ಕಿತ್ತುಬಂದ ಬಿಳಿ ಹಕ್ಕಳೆ. ಇದನ್ನು ಪೂರ್ತಿ ತೆಗೆಯುವುದು ಹೇಗೆ ಎಂದು ಕೇಳಲು ಬಂದಿದ್ದರು.

ಜಗಳಕ್ಕೆ ನಿಲ್ಲುತ್ತಾರೆ ಎಂದು ಬಸವಪ್ರಸಾದ್ ಕಾದರು. ಸುನಂದಮ್ಮ ನಿಲ್ಲಲಿಲ್ಲ. ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದರು.

"ಹಂಗಾ ಅಣ್ಣ? ನಮ್ಮ ಆಳು ಬೀರಮ್ಮ ನೀರಿನ ಟ್ಯಾಂಕ್ ನೋಡಾಕೆ ಒಂದಿನ ಹತ್ತಿದ್ಲು. ಒಣಗಿತ್ತು ಅಂದ್ಕೊಂಡೆ. ನೀವು ಹೇಳಿದ್ರೇನೋ, ನಂಗೇ ಕೇಳಿಸ್ಲಿಲ್ವೇನೋ. ಎಲ್ಲಾ ನಮ್ಮ ತಪ್ಪೇ ಬುಡಿ."

ಮುದ್ದಯ್ಯನ ಕಡೆಗೂ ಒಮ್ಮೆ ನೋಡಿ, ಬಂದ ಕೆಲಸ ಕೇಳದೆಯೇ ಹೊರಟುಹೋದರು. ಗಿರಾಕಿಯೊಬ್ಬ "ಮುಂದಿನ ಸಲ ಸಂಡಿಗೆ ಬೇರೆ ಕಡೆ ನೋಡ್ಬೇಕು" ಎಂದು ಬ್ರಷ್ಷು ತಿರುಗಿಸಿ ನೋಡುತ್ತ ಹೇಳಿದ. ಬಸವಪ್ರಸಾದ್ ಆಗಲೇ ಬಾಯಿ ಬಿಡಬಹುದಿತ್ತು. ಅವರು ಗಲ್ಲಾದ ಮೇಲಿನ ಧೂಳು ಒರೆಸಿದರು.

ಊಟಕ್ಕೆ ಮನೆಗೆ ಹೋದಾಗ ಮುದ್ದೆ ಮುರಿದವರು ಬಾಯಿಗಿಡಲಿಲ್ಲ. ಉಷಾರಾಣಿ ಕೇಳಿದರು. ಬಸವಪ್ರಸಾದ್ ಎಲ್ಲ ಹೇಳಿದರು, ಬಾಗಿಲಲ್ಲಿ ನಿಂತ ಸುನಂದಮ್ಮನ ಮಾತಿನವರೆಗೂ.

"ನೀವು ಹತ್ತಿದ್ರಾ?" ಎಂದರು ಉಷಾರಾಣಿ.

ಬಸವಪ್ರಸಾದ್ ಮುದ್ದೆಯ ತುಂಡನ್ನು ತಟ್ಟೆಗೇ ಹಾಕಿದರು.

"ಹತ್ತದೋರಿಗೆ ಹೆಜ್ಜೆ ಗುರುತು ಹೆಂಗೆ ಕಾಣಿಸ್ತು?"

ಗಂಡ ಏಣಿಗೆ ಹೆದರುತ್ತಾರೆ ಎಂದು ಉಷಾರಾಣಿ ಎಂದೂ ಆಡಿಕೊಂಡವರಲ್ಲ. ಇವತ್ತೂ ಆಡಿಕೊಳ್ಳಲಿಲ್ಲ. ಸಾರಿನ ಪಾತ್ರೆ ಮುಚ್ಚಿಟ್ಟು ಎದ್ದುಹೋದರು. ತಮ್ಮ ತಟ್ಟೆಯ ಮುಂದೆ ಒಬ್ಬರೇ ಉಳಿದಾಗ ಬಸವಪ್ರಸಾದರಿಗೆ ಮೈಯೆಲ್ಲ ಬಿಸಿಯಾಯಿತು. ಭಯ ನಾಚಿಕೆಯ ವಿಷಯವೆಂದು ಇಷ್ಟು ವರ್ಷ ಮುಚ್ಚಿಟ್ಟಿದ್ದರು. ನಾಚಿಕೆಪಡಬೇಕಾದ್ದು ಬೇರೆಯೇ ಇತ್ತು. ನಂಬಿ ಬಂದ ಹೆಂಗಸಿನ ಹೆಸರಿನ ಮೇಲೆ ಕಾಲಿಟ್ಟು ತಮ್ಮ ಹೆಸರು ಉಳಿಸಿಕೊಂಡಿದ್ದರು. ಅದೂ ಆಕೆಯ ಎದುರಿಗೇ, ಆಕೆಯ ಬಾಯಲ್ಲೇ ತಪ್ಪು ಒಪ್ಪಿಸಿ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಹಳ್ಳಿಗೆ ಹೋದರು. ತಾರಸಿಯ ಮೇಲಿಂದ ಕರಕರ ಸದ್ದು ಬರುತ್ತಿತ್ತು. ಹೆಂಗಸರು ಕೋಟಿಂಗ್ ಕೆರೆದು ತೆಗೆಯುತ್ತಿದ್ದರು. ವಯಸ್ಸಾದ ಬೀರಮ್ಮ ಕೆಳಗೆ ಬುಟ್ಟಿ ತುಂಬುತ್ತಿದ್ದಳು.

"ಸುನಂದಮ್ಮಾರೇ, ನಾನು ಮೇಲಕ್ಕೆ ಬರ್ಬೇಕು," ಎಂದರು ಬಸವಪ್ರಸಾದ್.

ಸುನಂದಮ್ಮ ಅಂಚಿಗೆ ಬಂದು ಬಗ್ಗಿದರು. "ಬನ್ನಿ, ಏಣಿ ಐತಲ್ಲ."

ನಾಲ್ಕು ಮೆಟ್ಟಿಲವರೆಗೆ ಹೇಗೋ ಹೋದರು. ಅಲ್ಲಿ ಕಾಲು ನಿಂತಿತು. ಹಣೆಯನ್ನು ಕಬ್ಬಿಣಕ್ಕೆ ಒತ್ತಿ ಕಣ್ಣು ಮುಚ್ಚಿದರು. ಪಂಚೆ ನಡುಗುತ್ತಿದ್ದುದು ಕೆಳಗಿನವರಿಗೂ ಕಾಣುತ್ತಿತ್ತು.

"ಅಯ್ಯೋ ಶಿವನೇ, ಸಾವ್ಕಾರ್ರಿಗೆ ತಲೆ ತಿರುಗ್ತೈತೆ," ಎಂದಳು ಬೀರಮ್ಮ. ಓಡಿಬಂದು ಏಣಿ ಹಿಡಿದಳು. ಮೇಲಿಂದ ಚಿಕ್ಕಸಿದ್ದಮ್ಮ ಎಂಬುವಳು ಕೈ ನೀಡಿದಳು. ಆ ಕೈ ಸಂಡಿಗೆಯ ಹಿಟ್ಟಿನಿಂದ ಒರಟಾಗಿತ್ತು. ಬಸವಪ್ರಸಾದ್ ಅದನ್ನು ಹಿಡಿದು, ಹೊಟ್ಟೆಯ ಮೇಲೆ ತೆವಳಿ, ಅಂಬೆಗಾಲಿಟ್ಟು ತಾರಸಿಯ ನಡುವಿಗೆ ಬಂದು ಕೂತರು. ಹೆಂಗಸರಲ್ಲಿ ಯಾರೋ ಒಬ್ಬಳು ಕಿಸಕ್ಕೆಂದು ನಕ್ಕು ಬಾಯಿಗೆ ಸೆರಗು ಹಿಡಿದಳು. ಅವರು ತಲೆ ತಗ್ಗಿಸಿಕೊಂಡೇ ಅದನ್ನು ಕೇಳಿಸಿಕೊಂಡರು.

ಕೂತ ಕಡೆಯಿಂದಲೇ ಎಲ್ಲ ಕಾಣುತ್ತಿತ್ತು. ಹಿಂದಿನ ಮೂಲೆಯಲ್ಲಿ ಮಡುವಿನ ಕಪ್ಪು ಗೆರೆ. ಒಳಗಿನ ತೇವ ಬಿಸಿಲಿಗೆ ಉಬ್ಬಿ ಎಬ್ಬಿಸಿದ ಗುಳ್ಳೆಗಳು. ಹೆಂಗಸರು ಕೂತು ಎದ್ದು ಸವೆಸಿದ ಜಾಗ. ಹೆಜ್ಜೆ ಗುರುತು ಒಂದೂ ಇರಲಿಲ್ಲ.

"ನಾನು ಯಾವತ್ತೂ ಯಾರ ತಾರಸಿನೂ ಹತ್ತಿಲ್ಲ," ಎಂದರು. "ಹೆದ್ರಿಕೆ. ಈಗ ನೋಡಿದ್ರಲ್ಲ. ಅವತ್ತು ಹತ್ತಿ ನೋಡಿದ್ರೆ ಈ ಮಾಲು ಕೊಡ್ತಿರ್ಲಿಲ್ಲ. ಒಣಗೋಕೆ ಮುಂಚೆ ತುಳಿದ್ರಿ ಅಂದದ್ದು ಸುಳ್ಳು. ನೀವೇನೂ ತಪ್ಪು ಮಾಡಿಲ್ಲ."

ಕೆರೆಯುವ ಸದ್ದು ನಿಂತಿತು. ಸುನಂದಮ್ಮ ಸೆರಗಿನಿಂದ ಕೈ ಒರೆಸಿಕೊಂಡರು.

"ಬೀರಮ್ಮನ್ನ ಬೈದೆ ನಾನು," ಎಂದರು. "ಅಂಗಡಿಯಿಂದ ಬಂದವ್ಳೇ ಅವ್ಳ ಮೇಲೆ ಹರಿಹಾಯ್ದೆ. ಅವ್ಳು ಮಕ ಸಣ್ಣ ಮಾಡ್ಕೊಂಡು ಊಟನೂ ಮಾಡ್ನಿಲ್ಲ."

ಇದನ್ನು ಬಸವಪ್ರಸಾದ್ ಎಣಿಸಿರಲಿಲ್ಲ. ತಮ್ಮ ಏಣಿ ಹಿಡಿದು ನಿಂತವಳು ಅವಳೇ.

"ನಂಗೆ ಹೇಳಿದ್ರೆ ಆಯ್ತಾ?" ಎಂದರು ಸುನಂದಮ್ಮ. "ಮುದ್ದಯ್ಯನ ಮುಂದೆ ಅಂದ್ರಿ. ಮುದ್ದಯ್ಯನ ಮುಂದೆನೇ ಹೇಳಿ. ಅವ್ನು ಹತ್ತು ಮದ್ವೆ ಮನೆಗೆ ಹೋಗೋನು."

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಕಾಲು ನೆಲ ಮುಟ್ಟಿದ ಮೇಲೆ ಬೀರಮ್ಮನಿಗೆ ಏನೋ ಹೇಳಹೊರಟರು. ಅವಳು "ಇರ್ಲಿ ಬುಡಿ ಬುದ್ಧಿ" ಎಂದು ನೀರಿನ ಚೊಂಬು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಸಂಜೆಯೇ ಮುದ್ದಯ್ಯನನ್ನು ಕರೆಸಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದಾಗಲೇ, ಅವರಿಗೂ ಕೇಳುವಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮುದ್ದಯ್ಯ ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ವರ್ಷ ಕೆಳಗೆ ನಿಂತ್ಕಂಡೇ ಪಿರಿಯಾಪಟ್ಟಣದ ತಾರಸಿ ಎಲ್ಲಾ ರಿಪೇರಿ ಮಾಡ್ಸಿದ್ರಾ ಸಾವ್ಕಾರ್ರೇ?" ಆ ನಗು ವಾರದೊಳಗೆ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯವರೆಗೆ ಹೋಯಿತು. ಟೀ ಅಂಗಡಿಯ ಮುಂದೆ ಅವರು ಹಾದರೆ ಯಾರಾದರೊಬ್ಬರು "ಏಣಿ ಬೇಕಾ ಅಣ್ಣ?" ಅನ್ನುತ್ತಿದ್ದರು. ಬಸವಪ್ರಸಾದ್ ಅಂಗಡಿಯ ಕಡೆ ನಡೆಯುತ್ತಿದ್ದರು. ನಕ್ಕವರೆಲ್ಲ ಸುನಂದಮ್ಮನ ಸಂಡಿಗೆಯ ತಪ್ಪಿಲ್ಲ ಎಂಬುದನ್ನೂ ಜೊತೆಗೇ ಹೊತ್ತು ಹೋಗುತ್ತಾರೆ ಎಂಬುದೊಂದೇ ಅವರಿಗಿದ್ದ ಸಮಾಧಾನ.

ತಾರಸಿಯನ್ನು ತಾವೇ ಸರಿಮಾಡಿಸಿಕೊಡುವುದಾಗಿ ಹೇಳಿಕಳಿಸಿದಾಗ ಸುನಂದಮ್ಮ ಒಪ್ಪಿದರು. ಒಂದು ಮಾತು ಮಾತ್ರ ಸೇರಿಸಿದರು: "ನೋಡಾಕೆ ಉಷಕ್ಕ ಬರ್ಲಿ." ಉಷಾರಾಣಿ ಸೀರೆ ಎತ್ತಿಕಟ್ಟಿ ಸರಸರನೆ ಹತ್ತಿ, ಬಕೆಟ್ಟಿನಿಂದ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡಿದರು. ಮೇಲಿಂದ ಒಂದೊಂದಾಗಿ ಕೂಗಿ ಹೇಳಿದರು. ಬಸವಪ್ರಸಾದ್ ಕೆಳಗೆ ನಿಂತು, ಎಷ್ಟು ಗಾರೆ, ಯಾವ ಕೋಟಿಂಗ್, ಎಷ್ಟು ದಿನ ಒಣಗಬೇಕು ಎಂದು ತಿರುಗಿ ಕೂಗಿದರು. ಹಳೆಯದೆಲ್ಲ ಕೆರೆದು, ವಾಟ ಕೊಟ್ಟು, ಸಿಮೆಂಟಿನ ಕೋಟಿಂಗ್ ಮೇಲೆ ಕೆಂಪು ಟೈಲು ಕೂರಿಸುವ ಹೊತ್ತಿಗೆ ಬಿಸಿಲಿನ ಒಳ್ಳೆಯ ದಿನಗಳು ಮುಗಿದಿದ್ದವು. ಆ ವರ್ಷ ಸುನಂದಮ್ಮ ಪಕ್ಕದವರ ಕಣದಲ್ಲಿ ಸಂಡಿಗೆ ಹಾಕಿದರು. ಹುಣಸೂರಿನ ಆ ಮನೆಯವರು ಮತ್ತೆ ಬರಲೇ ಇಲ್ಲ. ಮುಂದಿನ ಮಳೆಗೆ ಕೋಣೆ ಸೋರಲಿಲ್ಲ.

ಈಗ ಮನೆ ನೋಡಲು ಯಾರಾದರೂ ಕರೆದರೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಮೊನ್ನೆ ಕೆ.ಆರ್. ನಗರದ ಕಡೆ ಒಂದು ಹೊಸ ಮನೆಯವರು, "ನೀವ್ಯಾಕೆ ಕೆಳಗೆ ನಿಂತ್ರಿ ಸಾರ್, ಮೇಡಂ ಹತ್ತುತಾವ್ರಲ್ಲ?" ಎಂದು ಕೇಳಿದರು.

"ನಂಗೆ ಎತ್ತರ ಆಗಲ್ಲ, ಹೆದ್ರಿಕೆ," ಎಂದರು ಬಸವಪ್ರಸಾದ್.

ಹೇಳುವಾಗ ಕಿವಿ ಇನ್ನೂ ಬಿಸಿಯಾಗುತ್ತದೆ. ಮನೆಯವರು ಮುಖ ಮುಖ ನೋಡಿಕೊಂಡರು. ಬಸವಪ್ರಸಾದ್ ಏಣಿಯ ಬುಡವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಮೇಲಿನಿಂದ ಉಷಾರಾಣಿ ಏನು ಹೇಳುತ್ತಾರೆ ಎಂದು ಕಾಯುತ್ತ ನಿಂತರು.