ಅರವತ್ತು ಚಪಾತಿ ಮತ್ತು ಪಕ್ಕದ ಮನೆಯ ಹಾದಿ

ಹಾಟ್ ಟಬ್ಬಿನ ಫೋಟೋ ನೋಡಿದಾಗಲೇ ನನಗೆ ಹೇಸಿಗೆ ಬಂದಿತ್ತು. ವಾರಾಂತ್ಯಕ್ಕೆ ಬಾಡಿಗೆಗೆ ಸಿಗುವ ಮರದ ಮನೆಯೊಂದರ ಜಾಹೀರಾತು ಅದು. ಸುತ್ತ ಹಿಮ, ನಡುವೆ ಹಬೆಯಾಡುವ ನೀರು, ಅದರೊಳಗೆ ಕತ್ತಿನ ತನಕ ಮುಳುಗಿ ನಗುತ್ತಿರುವ ಎಂಟು ಜನ. ಒಬ್ಬರು ಮಿಂದ ನೀರಿಗೆ ಇನ್ನೊಬ್ಬರು ಇಳಿಯುವುದೇ ಅಸಹ್ಯ. ಇಲ್ಲಿ ಎಂಟೂ ಜನ ಒಟ್ಟಿಗೇ ನೆನೆಯುತ್ತಿದ್ದರು, ಸಾರಿಗೆ ಹುಣಸೆಹಣ್ಣು ನೆನೆಹಾಕಿಟ್ಟ ಹಾಗೆ.

"ಕಂಫರ್ಟು ಅಂದ್ರೆ ಇದು ಅತ್ತಿಗೆ," ಎಂದರು ನಮ್ಮ ಯಜಮಾನರ ಸ್ನೇಹಿತರು, ಆ ಕಾಗದವನ್ನು ನನ್ನ ಊಟದ ಮೇಜಿನ ಮೇಲೆ ಹರಡಿ. "ಹಗಲೆಲ್ಲ ಸ್ಕೀ, ಸಾಯಂಕಾಲ ಇದ್ರಲ್ಲಿ ಕೂತ್ಕೊಂಡು ಬೋಂಡ."

"ನೀರೊಳಗೇನಾ ಬೋಂಡ?"

"ಕೈ ಮೇಲಿರತ್ತಲ್ಲ ಅತ್ತಿಗೆ!"

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನಾವು ಆಗ ಟೊರಾಂಟೊ ಪಕ್ಕದ ಮೆಡೋವೇಲಿನಲ್ಲಿ, ನಡುಗೋಡೆ ಹಂಚಿಕೊಂಡ ಜೋಡಿಮನೆಯ ಒಂದು ಪಾಲಿನಲ್ಲಿದ್ದೆವು. ನಮ್ಮವರೂ ಆ ಸ್ನೇಹಿತರೂ ಒಂದೇ ಆಫೀಸು. ಬೆಂಗಳೂರು, ಮೈಸೂರು ಕಡೆಯ ನಾಲ್ಕು ಸಂಸಾರ ಸೇರಿ ಉತ್ತರದ ಗುಡ್ಡಕ್ಕೆ ಸ್ಕೀ ಮಾಡಲು ಹೋಗುವುದೆಂದು ಯೋಜನೆ ಹಾಕಿದವರು ಅವರೇ. ಆ ವಾರ ಟೀವಿಯಲ್ಲಿ ಹೊತ್ತುಹೊತ್ತಿಗೂ ದೊಡ್ಡ ಹಿಮಬಿರುಗಾಳಿಯ ಎಚ್ಚರಿಕೆ. ಬೇರೆಯವರಾಗಿದ್ದರೆ ಪ್ರಯಾಣ ಮುಂದೂಡುತ್ತಿದ್ದರು. ಇವರು ಬಿರುಗಾಳಿಯನ್ನೇ ಯೋಜನೆಯೊಳಗೆ ಸೇರಿಸಿಕೊಂಡರು. ಶುಕ್ರವಾರ ಸಂಜೆ ಹಿಮ ಶುರುವಾಗುತ್ತದೆ. ನಾವು ಮಧ್ಯಾಹ್ನ ಒಂದಕ್ಕೇ ಹೊರಟು ಅದಕ್ಕೆ ಮೊದಲು ಅಲ್ಲಿ ಸೇರಿಬಿಡಬೇಕು. ಶನಿವಾರ ಹೊಸ ಹಿಮದ ಮೇಲೆ ಜಾರಬೇಕು.

"ಇಡೀ ಟೊರಾಂಟೊ ಬೆನ್ನು ಮುರ್ಕೊಂಡು ಹಿಮ ಶವಲ್ ಮಾಡ್ತಿರತ್ತೆ, ನಾವು ಫೈರ್‌ಪ್ಲೇಸ್ ಮುಂದೆ!" ಎಂದು ಅವರು ತೊಡೆ ತಟ್ಟಿಕೊಂಡರು. ನಮ್ಮವರೂ ನಕ್ಕರು. ನನಗೆ ಮಾತ್ರ ಪಕ್ಕದ ಮನೆಯ ಅಜ್ಜಿ ನೆನಪಾದರು.

ನಡುಗೋಡೆಯ ಆ ಬದಿಯಲ್ಲಿದ್ದವರು ಇಟಲಿಯಿಂದ ಬಂದ ವಿಧವೆ, ಎಂಬತ್ತರ ಹತ್ತಿರ. ವಾಕರ್ ಹಿಡಿದು ನಡೆಯುವವರು. ಮಂಗಳವಾರ, ಗುರುವಾರ, ಶನಿವಾರ ಅವರಿಗೆ ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ವ್ಯಾನು ಬರುತ್ತಿತ್ತು. ಬಾಗಿಲಿನಿಂದ ರಸ್ತೆಯ ತನಕ ಹಿಮ ತೆಗೆದು ಹಾದಿ ಬಿಡಿಸಿರದಿದ್ದರೆ ಡ್ರೈವರ್ ಅವರನ್ನು ಇಳಿಸಿಕೊಂಡು ಹೋಗುವಂತಿರಲಿಲ್ಲ. ಜಾರಿ ಬಿದ್ದರೆ ಯಾರು ಹೊಣೆ? ಮೊದಲು ಹಿಮ ತೆಗೆಯಲು ಅವರಿಗೆ ಒಬ್ಬ ಗುತ್ತಿಗೆಯವನಿದ್ದ. ಚಳಿಗಾಲಕ್ಕೆ ಮುಂಚೆ ನಮ್ಮವರೇ ಬೇಲಿಯ ಬಳಿ ನಿಂತು, ಅವನ್ಯಾಕೆ, ನಾನಿದ್ದೇನಲ್ಲ, ಕಾರು ನಿಲ್ಲಿಸುವ ನಮ್ಮ ಡ್ರೈವ್‌ವೇ ಜೊತೆ ನಿಮ್ಮದೂ ಮಾಡುತ್ತೇನೆ ಎಂದು ದೊಡ್ಡ ಮನಸ್ಸು ತೋರಿಸಿದ್ದರು. ಅಜ್ಜಿ ಅವನನ್ನು ಬಿಡಿಸಿದರು. ತಾವೇ ಕುದಿಸಿ ತುಂಬಿಸಿದ ಟೊಮೆಟೊದ ಹನ್ನೆರಡು ಬಾಟಲಿಗಳನ್ನು ತಮ್ಮ ಬೇಸ್‌ಮೆಂಟಿನಿಂದ ಹೊರಿಸಿ ಕಳಿಸಿದರು. ಅದರಲ್ಲೇ ನಾವು ವಾರವಾರವೂ ಸಾರು ಮಾಡಿ ಉಣ್ಣುತ್ತಿದ್ದೆವು.

ಬುಧವಾರ ಕೇಳಿದೆ. "ರೀ, ಶನಿವಾರ ಅಜ್ಜಿ ಗತಿ ಏನು?"

"ಯಾರಿಗಾದ್ರೂ ಹೇಳಿದ್ರಾಯ್ತು ಬಿಡೆ. ಸಿಟಿಯವ್ರು ಬರ್ತಾರಲ್ಲ."

"ಸಿಟಿಯವ್ರು ರಸ್ತೆ ಮಾಡ್ತಾರೆ. ಅದ್ರ ಹಿಮಾನೆಲ್ಲ ತಂದು ಅಜ್ಜಿ ಡ್ರೈವ್‌ವೇ ಬಾಯಿಗೆ ತಳ್ತಾರೆ."

"ಒಂದ್ ದಿನ ತಪ್ಪಿದ್ರೆ ಏನಾಗತ್ತೆ?"

ಏನಾಗುತ್ತದೆಂದು ಅವರಿಗೂ ಗೊತ್ತಿತ್ತು. ಹಿಂದಿನ ವರ್ಷ ಒಂದು ದಿನ ತಪ್ಪಿದ್ದಕ್ಕೆ ಅಜ್ಜಿಯ ಕಾಲು ಕಂಬದ ಹಾಗೆ ಊದಿ, ಮಲಗಿದರೆ ಉಸಿರು ಸಿಗದೆ, ಆಂಬುಲೆನ್ಸ್ ಬಂದಿತ್ತು. ಸ್ಟ್ರೆಚರ್ ಹೊರಬರಲೆಂದು ಬಾಗಿಲು ಹಿಡಿದು ನಿಂತವರು ನಮ್ಮವರೇ.

ಗುರುವಾರ ಆ ಹಳೆಯ ಗುತ್ತಿಗೆಯವನಿಗೆ ನಾನೇ ಫೋನ್ ಮಾಡಿದೆ. ಬಿರುಗಾಳಿಗೆ ಮುಂಚೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದ. ಆಮೇಲೆ ನನ್ನ ಪಾಲಿಗೆ ಬಂದ ಅಡುಗೆಗೆ ಕೂತೆ: ಅರವತ್ತು ಚಪಾತಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಬೋಂಡದ ಹಿಟ್ಟು. ನಾನು ಲಟ್ಟಿಸುತ್ತಿದ್ದರೆ ನಮ್ಮವರು ಬಾಡಿಗೆಯ ಸ್ಕೀ ಬೂಟು ಹಾಕಿಕೊಂಡು ದೇವರ ಗೂಡಿನ ಮುಂದೆಯೇ ಧಡ ಧಡ ನಡೆದು ನೋಡುತ್ತಿದ್ದರು. ಎಷ್ಟು ಜನರ ಕಾಲು ಕಂಡ ಬೂಟೋ, ಒಗ್ಗರಣೆಯನ್ನೂ ಮೀರಿಸುವ ವಾಸನೆ.

"ಯಾರಿಗಾದ್ರೂ ಹೇಳಿದ್ರಾ?" ಎಂದೆ.

"ಯಾರಿಗೆ?" ಎಂದರು. ಮರೆತೇಬಿಟ್ಟಿದ್ದರು.

ಶುಕ್ರವಾರ ಬೆಳಿಗ್ಗೆ, ಅವರು ಆಫೀಸಿಗೆ ಹೋದ ಮೇಲೆ, ಆ ಸ್ನೇಹಿತರ ಹೆಂಡತಿ ಕಾಫಿಪುಡಿ ಮರೆಯಬೇಡಿ ಎನ್ನಲು ಫೋನ್ ಮಾಡಿದರು. ನಾನು ಸುಳ್ಳು ಹೇಳಿದೆ. "ನಾನು ಬರಕ್ಕಾಗಲ್ಲ ಕಣ್ರೀ. ಹೊರಗಾಗಿದೀನಿ."

ತಿಂಗಳ ಆ ಮೂರು ದಿನ ಅಡುಗೆಮನೆ, ದೇವರಮನೆ ಮುಟ್ಟದಿರುವುದಕ್ಕೆ ನಮ್ಮಲ್ಲಿ ಹಾಗೆ ಹೇಳುತ್ತೇವೆ. ಬೇರೆ ನೆಪ ಹೇಳಬಹುದಿತ್ತು. ಆದರೆ ಹಿಂದಿನ ನವರಾತ್ರಿಯಲ್ಲಿ ಆ ಸ್ನೇಹಿತರು ಸ್ವಂತ ಹೆಂಡತಿಯನ್ನು ಮೂರು ದಿನ ಬೇಸ್‌ಮೆಂಟಿನಲ್ಲಿ ಕೂರಿಸಿ, ತಟ್ಟೆಯನ್ನು ಮೆಟ್ಟಿಲ ಮೇಲೆ ಇಡಿಸಿದ್ದರು. ಪ್ರಸಾದದ ಅಡುಗೆಗೆ ಕರೆದದ್ದು ನನ್ನನ್ನೇ. ಆ ಮನೆಯಲ್ಲಿ ಎದುರಾಡಲಾಗದ ಕಾರಣ ಇದೊಂದೇ ಎಂದುಕೊಂಡಿದ್ದೆ.

ಆಕೆ "ಅಯ್ಯೋ, ಹೌದಾ" ಎಂದರು. ಅಷ್ಟರಲ್ಲಿ ಅವರ ಗಂಡ ಫೋನು ಕಿತ್ತುಕೊಂಡರು. ಬಿರುಗಾಳಿಗೆಂದು ಅವರಾಗಲೇ ರಜೆ ಹಾಕಿಯಾಗಿತ್ತು.

"ಅತ್ತಿಗೆ, ಅದೆಲ್ಲ ಈ ದೇಶದಲ್ಲಿ ಯಾರು ನೋಡ್ತಾರೆ? ಬನ್ನಿ, ಬನ್ನಿ. ನೀವಿಲ್ದೆ ಸಾರು ಯಾರು ಮಾಡೋದು?"

"ನವರಾತ್ರೀಲಿ ನೀವೇ..."

"ಅದು ದೇವ್ರ ಕೆಲಸ, ಇದು ವೆಕೇಷನ್ನು! ಹಾಟ್ ಟಬ್ಬಿಗೆ ಮಾತ್ರ ಇಳೀಬೇಡಿ, ಅಷ್ಟೆ," ಎಂದು ನಕ್ಕರು.

ಕಿವಿಯೊಳಗೆ ಯಾರೋ ಉಗಿದ ಹಾಗಾಯಿತು. ಫೋನು ಇಟ್ಟು, ಕಿವಿ ತೊಳೆದುಕೊಂಡು ಬಂದೆ. ತೊಳೆದರೆ ಹೋಗುವುದಲ್ಲ ಎಂದು ಗೊತ್ತಿದ್ದೂ ತೊಳೆದೆ. ಮಡಿಯೂ ಅವರ ಅನುಕೂಲಕ್ಕೆ, ಮೈಲಿಗೆಯೂ ಅವರ ಅನುಕೂಲಕ್ಕೆ.

ಮಧ್ಯಾಹ್ನ ನಮ್ಮವರು ಬಂದವರೇ, "ಫೋನ್ ಮಾಡಿ ಎಲ್ಲಾ ಹೇಳ್ದ ಅವನು. ಏನೂ ಆಗಲ್ಲ ಬಾರೆ," ಎಂದರು.

"ನಾನೇನೂ ಹೊರಗಾಗಿಲ್ಲ. ಸುಳ್ಳು ಹೇಳ್ದೆ. ನಾಳೆ ಅಜ್ಜಿ ಹೋಗ್ಬೇಕು. ಅದಕ್ಕೇ ಉಳ್ಕೋತಿದೀನಿ."

ನಮ್ಮ ಹತ್ತು ವರ್ಷದ ಮಗಳು ಕೋಟಿನ ಜಿಪ್ ಎಳೆಯುತ್ತಿದ್ದವಳು ತಲೆಯೆತ್ತಿದಳು. "ಅಮ್ಮಾ, ಯೂ ಲೈಡ್?"

"ಹೂಂ," ಎಂದೆ. ಮಗುವಿನ ಮುಂದೆ ನನ್ನ ಮೇಲೂ ಹೇಸಿಗೆಯಾಯಿತು.

ನಮ್ಮವರು ನಡುಗೋಡೆಯ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು. "ಒಬ್ಳೇ ಮಾಡಕ್ಕಾಗತ್ತೇನೇ ನಿಂಗೆ?"

"ಆಗ್ಬೇಕು."

"ಮಾತು ಕೊಟ್ಟೋನು ನಾನು, ನಿಜ. ಆದ್ರೆ ನಮ್ ವ್ಯಾನಲ್ಲೇ ಅಲ್ವಾ ಆರು ಜನ ಹೋಗೋದು," ಎಂದು ಬೂಟು, ಮಗಳು, ಅರವತ್ತು ಚಪಾತಿ ಸಮೇತ ಹೊರಟರು. ಒಂದು ಗಂಟೆ, ಐದು ನಿಮಿಷ. ಯೋಜನೆಗಿಂತ ಐದೇ ನಿಮಿಷ ತಡ.

ಆಡಿದ ಸುಳ್ಳನ್ನು ದೇವರ ಮುಂದೆ ಹಿಡಿದು ನಿಲ್ಲಲು ಮನಸ್ಸಾಗಲಿಲ್ಲ. ಮೂರು ದಿನ ಹೊರಗೆ ಎಂದಿದ್ದೇನಲ್ಲ, ಮೂರು ದಿನ ದೇವರ ಗೂಡು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದೆ. ದೂರದಿಂದಲೇ ಕೈಮುಗಿದು, ಹಿಮ ಒದ್ದೆಯಾಗಿರದಿರಲಿ ತಂದೆ ಎಂದಷ್ಟೇ ಕೇಳಿಕೊಂಡೆ. ಒದ್ದೆ ಹಿಮ ಕಲ್ಲಿನಷ್ಟು ಭಾರ.

ಭಗವಂತ ಒಣ ಹಿಮವನ್ನೇ ಕೊಟ್ಟ. ಸಂಜೆ ಒಂದು ಸಲ ತೆಗೆದೆ. ಬೆಳಿಗ್ಗೆ ನಾಲ್ಕೂವರೆಗೆದ್ದು ನೋಡಿದರೆ ತೆಗೆದ ಗುರುತೇ ಇಲ್ಲ, ಮೊಣಕಾಲುದ್ದ. ಮತ್ತೆ ಶುರು ಮಾಡಿದೆ. ಗಾಳಿ ನಿಂತಿತ್ತು, ಅದೂ ಪುಣ್ಯ. ಅಜ್ಜಿಯ ಮೆಟ್ಟಿಲು, ಹಾದಿ, ಡ್ರೈವ್‌ವೇ. ಆರೂಕಾಲಿಗೆ ಎಲ್ಲ ಮುಗಿಯಿತು ಎನ್ನುವಾಗ ಸಿಟಿಯ ಹಿಮ ತಳ್ಳುವ ಗಾಡಿ ಬಂದು, ನಾನು ಹೇಳಿದ್ದ ಹಾಗೆಯೇ, ರಸ್ತೆಯ ಗಟ್ಟಿ ಹೆಂಟೆಗಳನ್ನೆಲ್ಲ ತಂದು ಬಾಯಿಗೆ ಗೋಡೆ ಕಟ್ಟಿ ಹೋಯಿತು. ಬೂದು ಬಣ್ಣ, ಉಪ್ಪು, ಎಣ್ಣೆ. ಸಲಿಕೆ ಇಳಿಯಲಿಲ್ಲ. ಕೈಯಲ್ಲೇ ಒಂದೊಂದು ಹೆಂಟೆಯನ್ನು ತಬ್ಬಿ ಎತ್ತಿ ಪಕ್ಕಕ್ಕೆ ಹಾಕಿದೆ. ಒಂದೊಂದಕ್ಕೂ ನಮ್ಮವರನ್ನೂ ಅವರ ಸ್ನೇಹಿತರನ್ನೂ ಬೈದೆ. ದೇವರ ಹೆಸರು ಹೇಳಬೇಕಾದ ಹೊತ್ತಿನಲ್ಲಿ ಬಾಯಲ್ಲಿ ಬಂದದ್ದು ಅದೇ.

ಏಳೂ ಇಪ್ಪತ್ತಕ್ಕೆ ವ್ಯಾನು ಬಂತು. ಡ್ರೈವರ್ ಇಳಿದು ಹಾದಿ ನೋಡಿದ, ಕಾಲಿನಿಂದ ಒತ್ತಿ ನೋಡಿದ, ಒಳಗೆ ಹೋದ. ಅಜ್ಜಿ ಟೋಪಿ ಹಾಕಿ, ಕೈಚೀಲ ಹಿಡಿದು ಬಾಗಿಲೊಳಗೇ ಕಾದಿದ್ದರು. ಅವನ ತೋಳು ಹಿಡಿದು ಬರುತ್ತಾ ನನ್ನ ಮುಂದೆ ನಿಂತರು.

"ನಿನ್ನ ಗಂಡ ಎಲ್ಲಿ?" ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಕೇಳಿದರು.

ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. "ಸ್ಕೀ ಮಾಡಲು ಹೋಗಿದ್ದಾರೆ," ಎಂದೆ.

ಅಜ್ಜಿ ನನ್ನನ್ನೇ ನೋಡಿ, ಹೋದರೆ ಹೋಗಲಿ ಎನ್ನುವ ಹಾಗೆ ಗದ್ದದ ಕೆಳಗಿಂದ ಬೆರಳುಗಳನ್ನು ಹೊರಕ್ಕೆ ಜಾಡಿಸಿ, ತಮ್ಮ ಭಾಷೆಯಲ್ಲಿ ಏನೋ ಅಂದರು. ಡ್ರೈವರ್ ನಕ್ಕುಬಿಟ್ಟ. ಆ ವಾರ ನಾನು ನಕ್ಕದ್ದೂ ಆಗಲೇ.

ಅವರೆಲ್ಲ ಭಾನುವಾರ ಸಂಜೆ ಬಂದರು. ಗುಡ್ಡದ ಮೇಲೆ ಗಾಳಿ ಎಂದು ಶನಿವಾರವೆಲ್ಲ ಸ್ಕೀ ಮಾಡುವವರನ್ನು ಮೇಲಕ್ಕೆ ಒಯ್ಯುವ ಲಿಫ್ಟು ನಿಲ್ಲಿಸಿದ್ದರಂತೆ. ಎರಡು ದಿನ ಇಸ್ಪೀಟು ಆಡಿ, ತಿಂದು, ಆ ನೀರಲ್ಲಿ ನೆಂದು ಬಂದರು. ನನ್ನ ಪಾತ್ರೆಗಳನ್ನು ತೊಳೆಯದೆ ಹಾಗೆಯೇ ತಂದಿದ್ದರು. ಚಪಾತಿ ಡಬ್ಬಿಯ ತಳದಲ್ಲಿ ಉಪ್ಪಿನಕಾಯಿ ಎಣ್ಣೆ, ಅದರಲ್ಲಿ ಅದ್ದಿದ ಯಾರದೋ ಕಾಲುಚೀಲ.

ನಮ್ಮವರು ಮಾತ್ರ ವ್ಯಾನಿನಿಂದ ಇಳಿದವರು ಒಳಗೆ ಬರಲಿಲ್ಲ. ಅಜ್ಜಿಯ ಹಾದಿಯ ಎರಡು ಬದಿಗೂ ಎದೆಮಟ್ಟ ನಿಂತಿದ್ದ ಹಿಮದ ಗೋಡೆಗಳನ್ನು ನೋಡುತ್ತಾ ನಿಂತರು. ಆಮೇಲೆ ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ, "ಅಜ್ಜಿ ನಿನ್ನೆ ಹೋದ್ರಾ?" ಎಂದರು.

"ಹೋಗಿ ಬಂದ್ರು."

"ತಿನ್ನಕ್ಕೇನಾದ್ರೂ ಇದ್ಯಾ?"

ಅಜ್ಜಿಯ ಕೊನೆಯ ಟೊಮೆಟೊ ಬಾಟಲಿ ತೆರೆದು ಸಾರು ಮಾಡಿದ್ದೆ. ಆದರೆ ಹೊರಗೆ ಮತ್ತೆ ಹಿಮ ಉದುರಲು ಶುರುವಾಗಿತ್ತು. ಬಾಗಿಲ ಹಿಂದಿದ್ದ ಸಲಿಕೆ ತೆಗೆದು ಕೈಗೆ ಕೊಟ್ಟೆ.

"ಮೊದ್ಲು ಆ ಕಡೆ," ಎಂದೆ. "ಆಮೇಲೆ ನಮ್ದು. ಆಮೇಲೆ ಊಟ."

ಸಲಿಕೆ ಹೆಗಲಿಗೇರಿಸಿ ಅಜ್ಜಿಯ ಮೆಟ್ಟಿಲ ಕಡೆ ಹೋದರು.