ಬೇಲಿಯ ಮೇಲಿನ ಮಧುನಾಶಿನಿ

ನನ್ನ ಗಂಡ ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷ. ಮುದ್ದೆ, ಕೋಳಿ ಸಾರು, ವಡೆ, ಹೊಸ ಪಂಚೆ ಎಲ್ಲ ಎಡೆಗೆ ಇಟ್ಟಾದ ಮೇಲೆ ಅತ್ತೆ ಒಂದು ಲೋಟ ಹಸಿರು ರಸವನ್ನೂ ತಂದಿಟ್ಟರು. "ನನ್ ಮಗ ಬೆಳಗಾದ್ರೆ ಇದನ್ನೇ ಕುಡೀತಿದ್ದ ಕಣಮ್ಮ" ಎಂದರು. ತೀರಿಕೊಂಡವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು. ನನ್ನ ತಂಗಿ ಯಾರ ಮುಖವನ್ನೂ ನೋಡದೆ ತೋಟದ ಕಡೆ ನಡೆದುಬಿಟ್ಟಳು.

ಆ ರಸ ನಮ್ಮ ಬೇಲಿಯ ಮಧುನಾಶಿನಿ ಬಳ್ಳಿಯ ಎಲೆಯದು. ಕುಂದಾಣದ ಹತ್ತಿರ ನಮ್ಮದು ದ್ರಾಕ್ಷಿ ತೋಟ, ಮನೆಯೂ ಅಲ್ಲೇ. ನಾನು ಮದುವೆಯಾಗಿ ಬಂದಾಗ ತಂಗಿ ಇನ್ನೂ ಶಾಲೆಯಲ್ಲಿದ್ದಳು. ರಜೆಗೆ ಬಂದವಳಿಗೆ ನನ್ನ ಗಂಡ ಆ ಎಲೆ ಜಗಿಸಿ, ಮೇಲೆ ಬೆಲ್ಲ ಕೊಡುತ್ತಿದ್ದರು. ಬೆಲ್ಲ ಮಣ್ಣು ತಿಂದ ಹಾಗಾಗಿ ಅವಳು ಮುಖ ಕಿವುಚಿದರೆ ಇವರಿಗೆ ನಗು. ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ್ದೆ. ಅವಳು ಓದುತ್ತಲೇ ಹೋಗಿ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಕ್ಕರೆ ಕಾಯಿಲೆಯ ಸಂಶೋಧನೆಗೆ ಸೇರಿದಳು. ಅಷ್ಟರಲ್ಲಿ ಇವರಿಗೂ ಅದೇ ಕಾಯಿಲೆ ಬಂದಿತ್ತು.

ಒಂದು ಭಾನುವಾರ ಅವಳು ಎಲೆ ಕೀಳುತ್ತಿದ್ದಳು. ಇವರು ಡ್ರಿಪ್ ಪೈಪಿನ ಹತ್ತಿರ ನಿಂತಿದ್ದರು.

"ಏನಮ್ಮಾ ಸೈಂಟಿಸ್ಟು, ನಮ್ ಬೇಲಿನೇ ಹೊತ್ಕೊಂಡ್ ಹೋಗ್ತೀಯಲ್ಲ, ಏನ್ ಮಾಡ್ತೀಯ ಇದ್ರಲ್ಲಿ?"

"ಇನ್ಸುಲಿನ್ ಮಾಡೋ ಜೀವಕೋಶದ ಮೈಮೇಲೆ ಸಣ್ಣ ಸಣ್ಣ ಬಾಗಿಲಿರ್ತವೆ ಭಾವ, ಅಯಾನ್ ಚಾನೆಲ್ ಅಂತ. ಪೊಟ್ಯಾಸಿಯಂ ಹೋಗೋ ಬಾಗಿಲು ಮುಚ್ಕೊಂಡ್ರೆ ಕ್ಯಾಲ್ಸಿಯಂ ಬರೋ ಬಾಗಿಲು ತೆರ್ಕೊಳುತ್ತೆ. ಆಗ ಇನ್ಸುಲಿನ್ ಆಚೆ ಬರುತ್ತೆ. ಈ ಎಲೇಲಿರೋದು ಆ ಬಾಗಿಲನ್ನ ಏನಾದ್ರೂ ಮಾಡುತ್ತಾ ಅಂತ ನೋಡ್ತಿದೀನಿ."

ಇವರು ಕೈಯಲ್ಲಿದ್ದ ವಾಲ್ವ್ ತಿರುಗಿಸಿದರು. ಮೇಲಿನ ಸಾಲಿಗೆ ನೀರು ನಿಂತು ಕೆಳಗಿನ ಸಾಲಿಗೆ ಹರಿಯಿತು. "ಹಿಂಗೇ ತಾನೆ? ಇದಕ್ಕೆ ಇಷ್ಟ್ ವರ್ಷ ಓದ್ಬೇಕಿತ್ತಾ?"

ಅವಳಿಗೂ ನಗು ಬಂತು. "ಹಿಂಗೇ. ಆದ್ರೆ ನನ್ ವಾಲ್ವ್ ಇನ್ನೂ ಲ್ಯಾಬಿನ ಗಾಜಿನ ತಟ್ಟೇಲಿದೆ. ಮನುಷ್ಯರ ಮೈಯಲ್ಲಿ ಏನಾಗುತ್ತೋ ಗೊತ್ತಿಲ್ಲ. ಇಂಜೆಕ್ಷನ್ ಬಿಡ್ಬೇಡಿ."

ತಲೆಯಾಡಿಸಿದರು. ಆದರೆ ವಾಲ್ವ್ ಅರ್ಥವಾದ ಮೇಲೆ ಉಳಿದದ್ದೂ ಅರ್ಥವಾಯಿತು ಅಂದುಕೊಂಡರೇನೋ. ಬೆಳಿಗ್ಗೆ ಎಲೆ ಅರೆದು ಕುಡಿಯತೊಡಗಿದರು. "ನಮ್ ನಾದಿನಿ ಔಷಧಿ" ಎಂದು ಊರಿಗೆಲ್ಲ ಹೇಳಿದರು. ಇಂಜೆಕ್ಷನ್ ಮೊದಲು ಆಗೊಮ್ಮೆ ಈಗೊಮ್ಮೆ ತಪ್ಪಿತು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಪೂರ್ತಿ ನಿಂತಿತು. ನಾನು ಬೇಡಿಕೊಂಡೆ, ತಂಗಿ ಫೋನಿನಲ್ಲಿ ಬೈದಳು. ಮೈ ಹಗುರಾಗಿದೆ ಅಂದರು. ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ಮಾಯಲಿಲ್ಲ. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಎಡೆಯ ದಿನ ನಾನು ಅವಳ ಹಿಂದೆಯೇ ತೋಟಕ್ಕೆ ಹೋದಾಗ ತಂಗಿ ಬೇಲಿಯ ಹತ್ತಿರ ನಿಂತಿದ್ದಳು.

"ಈ ಕೆಲ್ಸ ಬಿಟ್ಬಿಡ್ತೀನಿ ಅಕ್ಕ. ನಾನ್ ಈ ಎಲೆ ಮುಟ್ದೇ ಇದ್ದಿದ್ರೆ ಭಾವ ಇರ್ತಿದ್ರು."

ನಾನು ಬಳ್ಳಿ ತೋರಿಸಿದೆ. ಕೈಗೆಟುಕುವಷ್ಟು ಎತ್ತರಕ್ಕೆ ಅದು ಬೋಳಾಗಿತ್ತು.

"ನೋಡು, ಮೇಕೆ ಮೇಯ್ದಿದ್ದಲ್ಲ. ಊರೋರು ಕೀಳ್ತಾರೆ, ನಿಮ್ ಭಾವ ಹೇಳಿಟ್ಟು ಹೋಗಿದಾರಲ್ಲ. ನಾನ್ ಬೇಡ ಅಂದ್ರೆ ಎಲೆಗೂ ಜುಗ್ಗತನ ಅಂತಾರೆ. ಗುಣ ಇದ್ರೆ ಎಷ್ಟಿದೆ ಹೇಳು, ಇಲ್ದಿದ್ರೆ ಇಲ್ಲ ಅನ್ನು. ಹುಡುಕ್ತಿರೋ ನೀನೇ ಬಿಟ್ರೆ ನಾನ್ ಯಾರನ್ನ ಕೇಳ್ಲಿ?"

ಅಷ್ಟರಲ್ಲಿ ಪಕ್ಕದ ತೋಟದ ಯಜಮಾನರು ಕೈಚೀಲ ಹಿಡಿದು ಬಂದರು.

"ಓ, ಡಾಕ್ಟ್ರಮ್ಮ ಬಂದವ್ಳೆ! ನಿನ್ ಔಷಧಿಗೇ ಬಂದೆ ಕಣವ್ವ."

ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬೆಳಿಗ್ಗೆ ಶುಗರ್ ಮಾತ್ರೆ ತಗೊಂಡ್ರಾ?"

"ಇದಿರೋವಾಗ ಅದ್ಯಾಕೆ?"

"ಬನ್ನಿ ಇಲ್ಲಿ" ಎಂದು ಅವಳು ಡ್ರಿಪ್ ಪೈಪಿನ ಹತ್ತಿರ ಕರೆದುಕೊಂಡು ಹೋದಳು. ಬಗ್ಗಿ, ಅವಳ ಭಾವ ತಿರುಗಿಸುತ್ತಿದ್ದ ವಾಲ್ವಿನ ಮೇಲೆ ಕೈಯಿಟ್ಟು, "ನನಗೆ ಗೊತ್ತಿರೋದು ಇಷ್ಟು" ಎಂದು ಶುರು ಮಾಡಿದಳು. ಗೊತ್ತಿಲ್ಲದ್ದನ್ನೂ ಹೇಳಿದಳು. ಅದೇ ಹೆಚ್ಚಿತ್ತು. ಯಜಮಾನರು ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಕೇಳುತ್ತ ನಿಂತರು.

ಬಾಗಿಲು ತೆಗೆಯಲು ಅತ್ತೆ ನನ್ನನ್ನು ಕೂಗುತ್ತಿದ್ದರು. ಬಂದೆ ಎಂದೆ. ಆದರೆ ಅವಳ ಮಾತು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.